ಗುಡೂರಿಗೆ ಬಂದ ಚಿಮಣಿ ಎಣ್ಣೆಯ ವಾಸನೆ

ವಿಚಿತ್ರ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮದುವೆ ಮನೆಯಲ್ಲಿ ಊಟ ಮುಗಿದು ಎಲೆ ಅಡಿಕೆ ತಿರುಗುವ ಹೊತ್ತಿಗೆ ಯಾರಾದರೊಬ್ಬರು ದನಿ ತಗ್ಗಿಸಿ "ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ" ಎಂದು ಶುರುಮಾಡಿದರೆ ನಾನು ಎದ್ದು ಹೋಗುವವಳು. ಅಂಥವರ ಕಥೆಗಳಲ್ಲಿ ಸಾಕ್ಷಿಗಳೆಲ್ಲ ತೀರಿಕೊಂಡಿರುತ್ತಾರೆ. ಹೇಳುವವನು ಮಾತ್ರ ಗಟ್ಟಿಯಾಗಿ ಬದುಕಿ, ಎರಡನೇ ಸಲ ಎಲೆ ಮಡಚುತ್ತಿರುತ್ತಾನೆ.

ನಾನು ವಿಮಾನ ಹಾರಿಸುವವಳು. ಒಂದು ದೊಡ್ಡ ಪ್ರಯಾಣಿಕ ವಿಮಾನದ ಕ್ಯಾಪ್ಟನ್. ನಮ್ಮ ಊರ ಕಡೆ ಇದನ್ನು ಹೇಳಿದರೆ ಅರ್ಧ ಜನ "ಹಂಗಂದ್ರ ಚಹಾ ಕೊಡೋದಾ?" ಎಂದು ಕೇಳುತ್ತಾರೆ. ಉಳಿದರ್ಧ ಜನ, ವಿದ್ಯಾವಂತರು, "ಈಗೆಲ್ಲಾ ಅದ ತಾನ ಹಾರ್ತೈತಂತಲ್ಲ" ಎನ್ನುತ್ತಾರೆ. ಇಬ್ಬರಿಗೂ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳ ತಂಗಿ, ಗುಡೂರಿನ ನನ್ನ ಚಿಗವ್ವ ನೀಲವ್ವ. ನಾನು ಸಾಲಿ ಕಲಿತದ್ದು ಇಳಕಲ್ಲಿನಲ್ಲಿ, ಕಾಲೇಜು ಬಾಗಲಕೋಟೆಯಲ್ಲಿ. ಚಿಗವ್ವನದು ಬಸವಣ್ಣನನ್ನು ಬಿಟ್ಟು ಬೇರೆ ಯಾರ ಮಾತಿಗೂ ತಲೆಬಾಗದ ಮನೆ. ಶಕುನ, ಮುಹೂರ್ತ, ಗ್ರಹಚಾರ ಎಂದು ಬಾಯಿಬಿಟ್ಟವರನ್ನು ಅವಳು ಕಟ್ಟೆಯ ಮೇಲೂ ಕೂರಿಸುತ್ತಿರಲಿಲ್ಲ. ಒಮ್ಮೆ ಗಿಳಿಶಾಸ್ತ್ರದವನು ಬಾಗಿಲಿಗೆ ಬಂದಾಗ, "ಮೊದಲ ಆ ಗಿಳಿಗೆ ಪಂಜರದಿಂದ ಯಾವಾಗ ಬಿಡುಗಡೆ ಅಂತ ಕೇಳು, ಆಮ್ಯಾಲೆ ನನ್ನ ಭವಿಷ್ಯ ಹೇಳಂತಿ" ಎಂದು ಅಟ್ಟಿದ್ದಳು. ನನ್ನ ತಿರಸ್ಕಾರವೆಲ್ಲ ಅವಳಿಂದ ಬಂದದ್ದು. ಆದ್ದರಿಂದಲೇ ಈ ಸಂಗತಿ ನನ್ನನ್ನು ಇಷ್ಟು ಕಾಡುತ್ತದೆ. ಇದನ್ನು ಬೇರೆ ಯಾರಾದರೂ ಮಾಡಿದ್ದರೆ ನಕ್ಕು ಮರೆತುಬಿಡುತ್ತಿದ್ದೆ.

ಅದು ಕೆಲವು ವರ್ಷಗಳ ಹಿಂದಿನ ಮಾತು. ಆ ದೊಡ್ಡ ಜ್ವರದ ಕಾಲ ಮುಗಿದು ವಿಮಾನಗಳು ಮತ್ತೆ ತುಂಬಿಕೊಂಡು ಹಾರತೊಡಗಿದ್ದವು. ಚಿಗವ್ವನಿಗೂ ಆ ಜ್ವರ ಬಂದು ಹೋಗಿತ್ತು. ಹೋಗುವಾಗ ಅವಳ ಮೂಗನ್ನು ಕೊಂಡೊಯ್ದಿತ್ತು. ಹಾಲು ಉಕ್ಕಿ ಹೊತ್ತಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯ ಹುಸೇನಬಿ, ಅವಳ ಹಳೆಯ ಗೆಳತಿ, ಗೋಡೆಯಾಚೆಯಿಂದ "ನೀಲವ್ವಾ, ಹಾಲು!" ಎಂದು ಕೂಗಬೇಕಿತ್ತು.

ಆ ಮಧ್ಯಾಹ್ನ ನಾನು ಅಹಮದಾಬಾದಿನಲ್ಲಿದ್ದೆ. ಅಲ್ಲಿಂದ ಬೆಂಗಳೂರಿಗೆ ಹೊರಡಬೇಕು. ಜನ ಹತ್ತುತ್ತಿದ್ದರು, ರೆಕ್ಕೆಯ ಕೆಳಗೆ ಇಂಧನದ ಲಾರಿ ನಿಂತಿತ್ತು. ಕಾಕ್‌ಪಿಟ್ಟಿನಲ್ಲಿ ಎಡಗಡೆಯ ಸೀಟಿನಲ್ಲಿ ನಾನು, ಬಲಗಡೆ ಸಹಪೈಲಟ್ ಅಂಕಿತ್. ಅಂಕಿತ್ ದೆಹಲಿಯವನು. ಕೈತುಂಬ ಉಂಗುರ. ಹವಳ ಒಂದು ಗ್ರಹಕ್ಕೆ, ಪುಷ್ಯರಾಗ ಇನ್ನೊಂದಕ್ಕೆ. ಶನಿವಾರ ಹಾರಾಟವಿದ್ದರೆ ಜೇಬಿನಲ್ಲಿ ಒಂದು ನಿಂಬೆಹಣ್ಣು. ಇಂಥ ಯಂತ್ರವನ್ನು ನಡೆಸಲು ಓದಿಕೊಂಡ ಮನುಷ್ಯ ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಳ್ಳುತ್ತಾನೆ ಎಂಬುದು ನನಗೆ ನಾಚಿಕೆಯ ವಿಷಯ. ಅದನ್ನು ಅವನಿಗೆ ಹೇಳಿಯೂ ಇದ್ದೆ.

ಫೋನು ಬಂತು. ಚಿಗವ್ವ. ಕೈಯಲ್ಲಿ ಕೆಲಸವಿದ್ದುದರಿಂದ ಸ್ಪೀಕರಿಗೆ ಹಾಕಿದೆ.

"ತಂಗೀ, ಮನಿ ತುಂಬ ಚಿಮಣಿ ಎಣ್ಣಿ ವಾಸನಿ ಹೊಡ್ಯಾಕತ್ತೈತಿ" ಎಂದಳು. ನಮ್ಮ ಕಡೆ ಸೀಮೆಎಣ್ಣೆಗೆ ಹಾಗೆನ್ನುತ್ತಾರೆ.

"ಮನ್ಯಾಗ ಚಿಮಣಿ ಎಣ್ಣಿ ಎಲ್ಲೈತಿ ಚಿಗವ್ವಾ? ಹಳೇ ಸ್ಟೋವ್ ಮೋಡಕಾದವಗ ತೂಕಕ್ಕ ಹಾಕಿ ಎಷ್ಟ ಕಾಲ ಆತು."

"ಅದನ್ನ ನಾನೂ ಅನ್ನಾಕತ್ತೇನಿ. ಹುಸೇನಬಿನ್ನ ಕರದು ಮೂಸಿ ನೋಡು ಅಂದೆ. ಆಕಿ ಏನೂ ಇಲ್ಲ ಅಂತಾಳ."

"ಆಕಿ ಖರೇನ ಹೇಳ್ತಾಳ. ನಿನ್ನ ಮೂಗು ಸತ್ತು ಹೋಗೈತಿ."

"ಸತ್ತ ಮೂಗಿಗೇ ಬರಾಕತ್ತೈತಿ ಅಂದ್ರ ಎಷ್ಟ ಜೋರ ಇರಬೇಕ ನೋಡು."

ನನಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ವಿಮಾನ ಹೊರಡುವ ಹೊತ್ತಿನಲ್ಲಿ ಇದೊಂದು ಬೇಕಾಗಿತ್ತೇ? "ಎಲ್ಲಿಂದ ಬರಾಕತ್ತೈತಿ?" ಎಂದೆ.

"ಎಡಕ್ಕ."

"ಯಾರ ಎಡಕ್ಕ? ಮನಿ ಒಳಗ ಹೊಕ್ಕರ ಒಂದು ಎಡ, ಹೊರಗ ಬಂದ್ರ ಇನ್ನೊಂದು ಎಡ. ಸರಿಯಾಗಿ ಹೇಳು."

ಅವಳು, "ನಿನ್ನ ಎಡಕ್ಕ" ಎಂದಳು. "ಈಗ ಕುಂತೀಯಲ್ಲ, ನಿನ್ನ ಎಡಕ್ಕ."

"ಕಿಟಕಿ ತಗದು ಮಲಗು" ಎಂದು ಹೇಳಿ ಫೋನಿಟ್ಟೆ. ಅಂಕಿತನಿಗೆ ಕನ್ನಡ ಬಾರದು. ಆದರೆ ಆ ಒಂದು ಶಬ್ದ ನಾಲ್ಕೈದು ಸಲ ಕಿವಿಗೆ ಬಿದ್ದಿತ್ತಲ್ಲ, "ಎಡಕ್ಕ ಎಂದರೇನು?" ಎಂದು ಕೇಳಿದ. "ಎಡಕ್ಕೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಲೆಯಾಡಿಸಿದ. ಇಷ್ಟೇ. ನಾವು ಹೊರಟೆವು.

ಇಂಧನದ ಲೆಕ್ಕ ಬಹಳ ಸರಳವಾದದ್ದು. ಎಂಜಿನ್‌ಗಳು ಸುಟ್ಟದ್ದನ್ನೂ ಟ್ಯಾಂಕುಗಳಲ್ಲಿ ಉಳಿದದ್ದನ್ನೂ ಕೂಡಿಸಿದರೆ ಹೊರಡುವಾಗ ಇದ್ದಷ್ಟು ಬರಬೇಕು. ಹಾದಿಯುದ್ದಕ್ಕೂ ಆಗಾಗ ಈ ಕೂಡುವಿಕೆ ಮಾಡುತ್ತಿರುತ್ತೇವೆ. ಅರ್ಧ ದಾರಿಯವರೆಗೆ ಸರಿಯಾಗಿಯೇ ಇತ್ತು. ಸೊಲ್ಲಾಪುರ ಹಿಂದೆ ಬಿದ್ದ ಮೇಲೆ ಅಂಕಿತ್ ಒಮ್ಮೆ ಕೂಡಿಸಿದ, ಮತ್ತೊಮ್ಮೆ ಕೂಡಿಸಿದ, ನನಗೆ ತೋರಿಸಿದ. ಲೆಕ್ಕ ಕಡಿಮೆ ಬರುತ್ತಿತ್ತು. ಎರಡು ರೆಕ್ಕೆಗಳ ಟ್ಯಾಂಕುಗಳಲ್ಲಿ ಬಲಗಡೆಯದು ಇರಬೇಕಾದಷ್ಟೇ ಇತ್ತು. ಎಡಗಡೆಯದು ಇಳಿಯುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಇನ್ನೂ ಇಳಿಯಿತು.

ಅಂಕಿತ್ ಮಾಪಕವನ್ನು ಬಿಟ್ಟು ನನ್ನ ಮುಖ ನೋಡಿದ. "ಎಡಕ್ಕ" ಎಂದ.

"ಚೆಕ್‌ಲಿಸ್ಟ್ ಓದು" ಎಂದೆ.

"ಮೇಡಂ, ನಿಮ್ಮ ಆಂಟಿ..."

"ನಮ್ಮ ಆಂಟಿ ಚೆಕ್‌ಲಿಸ್ಟಿನಲ್ಲಿಲ್ಲ. ಓದು."

ಓದಿದ. ಸಾಲಿಗೊಮ್ಮೆ ಹವಳದುಂಗುರವನ್ನು ಮುಟ್ಟಿಕೊಂಡ. ಅದನ್ನು ಕಂಡು ನನಗೆ ಕರುಣೆ ಬರಬೇಕಿತ್ತು, ಬರಲಿಲ್ಲ. ಚಿಗವ್ವನ ಮಾತನ್ನು ಮರೆಯಲು ಅವನ ಮೇಲಿನ ತಾತ್ಸಾರ ಉಪಯೋಗಕ್ಕೆ ಬಂತು ಅಷ್ಟೆ.

ಇಂಥ ಸಮಯದಲ್ಲಿ ಮಾಡಬಾರದ ಕೆಲಸವೊಂದಿದೆ. ಎರಡು ಟ್ಯಾಂಕುಗಳ ನಡುವೆ ಒಂದು ಕವಾಟವಿರುತ್ತದೆ. ಅದನ್ನು ತೆರೆದರೆ ಒಂದು ಕಡೆಯ ಇಂಧನವನ್ನು ಎರಡೂ ಎಂಜಿನ್‌ಗಳಿಗೆ ಕೊಡಬಹುದು, ಏರುಪೇರು ಸರಿಯಾಗುತ್ತದೆ. ಆದರೆ ಒಂದು ಕಡೆ ನಿಜವಾಗಿ ಸೋರುತ್ತಿದ್ದರೆ, ಆ ಕವಾಟ ತೆರೆದವನು ಗಟ್ಟಿಯಿದ್ದ ಟ್ಯಾಂಕನ್ನೂ ಸೋರುವ ಕಡೆಗೆ ಹರಿಸುತ್ತಾನೆ. ನಾವು ಅದನ್ನು ಮುಟ್ಟಲಿಲ್ಲ. ಗಗನಸಖಿಯರ ಮುಖ್ಯಸ್ಥೆ ಸುಚಿತ್ರಾಳನ್ನು ಕರೆದು, ಪ್ರಯಾಣಿಕರಿಗೆ ಗೊತ್ತಾಗದಂತೆ ಎಡರೆಕ್ಕೆಯನ್ನು ಕಿಟಕಿಯಿಂದ ನೋಡಿ ಬಾ ಎಂದೆ. ಇಂಧನ ಸೋರಿದರೆ ರೆಕ್ಕೆಯ ಹಿಂದೆ ಬಿಳಿಯ ಹಬೆಯ ಹಾಗೆ ಕಾಣುತ್ತದೆ.

ಅವಳು ಬಂದು ಹೇಳಿದ್ದು ನನಗೆ ಬೇಡವಾದ ಉತ್ತರ. "ಹಬೆ ಏನೂ ಕಾಣುತ್ತಿಲ್ಲ ಮೇಡಂ. ಆದರೆ ಎಡಗಡೆ, ರೆಕ್ಕೆಯ ಪಕ್ಕದ ಸಾಲುಗಳಲ್ಲಿ ಇಬ್ಬರು ಸೀಮೆಎಣ್ಣೆ ವಾಸನೆ ಎನ್ನುತ್ತಿದ್ದಾರೆ. ನಾನು ಕೇಳುವ ಮೊದಲೇ ಅವರೇ ಕರೆದು ಹೇಳಿದರು."

"ನಿನಗೆ ಬಂತೇ?"

"ಬಂತು ಅನ್ನಿಸಿತು. ಖಚಿತವಿಲ್ಲ."

ವಿಮಾನದ ಇಂಧನವೂ ಒಂದು ಬಗೆಯ ಚಿಮಣಿ ಎಣ್ಣೆಯೇ. ವಾಸನೆಯೂ ಅದೇ. ಇದನ್ನು ಚಿಗವ್ವನಿಗೆ ನಾನು ಎಂದೂ ಹೇಳಿರಲಿಲ್ಲ. ನಾನು ಎಡಸೀಟಿನಲ್ಲಿ ಕೂರುತ್ತೇನೆಂದೂ ಅವಳಿಗೆ ಗೊತ್ತಿರಲಿಲ್ಲ. ವಿಮಾನದಲ್ಲಿ ಡ್ರೈವರು ನಡುವೆ ಕೂರುತ್ತಾನೆಂದೇ ಅವಳ ತಿಳಿವಳಿಕೆ.

ಹುಬ್ಬಳ್ಳಿಗೆ ಇಳಿಸುವುದೆಂದು ತೀರ್ಮಾನಿಸಿ ನಿಯಂತ್ರಣದವರಿಗೆ ಹೇಳಿದೆವು. ಕಂಪನಿಯ ಕಚೇರಿಯಿಂದ ಒಬ್ಬ ಮಹಾಶಯ, ಬೆಂಗಳೂರಿನವರೆಗೆ ಎಳೆಯಲು ಸಾಧ್ಯವೇ ನೋಡಿ ಎಂಬ ಸಂದೇಶ ಕಳಿಸಿದ. ಎತ್ತಿನ ಬಂಡಿಯೇನೋ ಎಂಬಂತೆ. ಅವನು ಕೂತಿದ್ದದ್ದು ಏಸಿ ಹಾಕಿದ ಕೋಣೆಯಲ್ಲಿ, ಗಟ್ಟಿ ನೆಲದ ಮೇಲೆ.

ಬಲಕ್ಕೆ ತಿರುಗಿದೆವು. ಮುಂದುಗಡೆ ಬಲಕ್ಕೆ ಆಲಮಟ್ಟಿಯ ಹಿನ್ನೀರು ಹೊಳೆಯುತ್ತಿತ್ತು, ಅದರ ಆ ತುದಿಗೆ ಬಾಗಲಕೋಟೆ. ಕೆಳಗೆ ಹುನಗುಂದದ ಎರೆಹೊಲಗಳು, ರಾಮಥಾಳದ ಕಡೆ ನೀರು ಕಂಡ ಹಸಿರು ಚೌಕಗಳು. ರೆಕ್ಕೆ ಸಮವಾದ ಮೇಲೆ ನನ್ನ ಎಡಗಿಟಕಿಯಲ್ಲಿ ಇಳಕಲ್ಲು ಬಂತು, ಅದರ ಈಚೆಗೆ ಗುಡೂರು. ಎಷ್ಟೋ ಸಲ ಆ ದಾರಿಯಲ್ಲಿ ಹಾರಿದ್ದೇನೆ, ಗುಡೂರನ್ನು ಒಮ್ಮೆಯೂ ಹುಡುಕಿರಲಿಲ್ಲ. ಅವತ್ತೂ ಹುಡುಕಲಿಲ್ಲ. ಅದು ತಾನಾಗಿಯೇ ರೆಕ್ಕೆಯ ಕೆಳಗೆ ಬಂದು ನಿಂತಿತು. ಅದೇ ಹೊತ್ತಿಗೆ ನನ್ನ ಮೂಗಿಗೂ ಆ ವಾಸನೆ ಬಂತು. ಅಂಕಿತನನ್ನು ಕೇಳಿದೆ. ಅವನಿಗೆ ಬಂದಿರಲಿಲ್ಲ. ಹೆದರಿ ಬಿಳಿಚಿಕೊಂಡಿದ್ದವನಿಗೆ ಬರಲಿಲ್ಲ, ಹೆದರದ ನನಗೆ ಬಂತು. ಇದನ್ನು ನಾನು ಯಾವ ವಿಚಾರಣೆಯಲ್ಲೂ ಹೇಳಿಲ್ಲ. ಯಾರೂ ಕೇಳಲಿಲ್ಲ.

ಬಾದಾಮಿಯ ಕೆಂಪು ಗುಡ್ಡಗಳ ಮೇಲೆ ಇಳಿಯುತ್ತ ಹೋದೆವು. ಎಡ ಎಂಜಿನ್ ಆರೋಗ್ಯವಾಗಿಯೇ ಓಡುತ್ತಿತ್ತು. ಸೋರಿಕೆ ಎಂಜಿನ್ನಿನಲ್ಲೇ ಎಂದು ಖಾತ್ರಿಯಾಗದೆ ಅದನ್ನು ಆರಿಸುವ ಹಾಗಿಲ್ಲ, ಖಾತ್ರಿಯಾಗುವ ಹೊತ್ತಿಗೆ ಬೆಂಕಿ ಹತ್ತಿರಲೂಬಹುದು. ಆ ಇಪ್ಪತ್ತು ನಿಮಿಷ ನಾನು ಯಾರ ಬಗ್ಗೆಯೂ ಯೋಚಿಸಲಿಲ್ಲ. ಹಿಂದೆ ಕೂತ ಜನರ ಬಗ್ಗೆಯೂ ಇಲ್ಲ. ಹಾಗೆ ಯೋಚಿಸುತ್ತ ಇಳಿಸಿದೆ ಎನ್ನುವ ಪೈಲಟ್ಟುಗಳು ಸುಳ್ಳು ಹೇಳುತ್ತಾರೆ. ಓಡುದಾರಿ ಕಂಡಿತು, ಇಳಿಸಿದೆ. ಬಿಸಿ ಎಂಜಿನ್ನಿನ ಮೇಲೆ ಎಣ್ಣೆ ಎರಚಬಾರದೆಂದು ವೇಗ ತಡೆಯುವ ಅದರ ಹಿಮ್ಮುಖ ಬಲ ಬಳಸದೆ, ಬರೀ ಬ್ರೇಕಿನ ಮೇಲೆ ನಿಲ್ಲಿಸಿದೆ. ಅಗ್ನಿಶಾಮಕ ಗಾಡಿಗಳು ಎರಡೂ ಬದಿಗೆ ಬಂದು ನಿಂತವು.

ಜನ ಚಪ್ಪಾಳೆ ತಟ್ಟಿದರು. ಏಣಿ ಇಳಿಯುವ ಮೊದಲೇ ಚಪ್ಪಾಳೆ ತಟ್ಟಿದ ಕೈಗಳೇ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದವು. ಒಬ್ಬರು ಬೆಂಗಳೂರಿನಲ್ಲಿ ತಪ್ಪಿದ ಸಭೆಗೆ ಪರಿಹಾರ ಯಾರು ಕೊಡುತ್ತಾರೆಂದು ಸುಚಿತ್ರಾಳ ಮೇಲೆ ಎಗರಾಡಿದರು. ಬಾದಾಮಿಯ ಗುಹೆಗಳನ್ನು ನೋಡಲು ಹೊರಟಿದ್ದ ಒಂದು ಗುಜರಾತಿ ಕುಟುಂಬಕ್ಕಂತೂ ಹಬ್ಬ. ಬೆಂಗಳೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬರುವುದು ತಪ್ಪಿತಲ್ಲ! ಆ ಮನೆಯ ಯಜಮಾನ ನನ್ನ ಕೈಕುಲುಕಿ, "ಪ್ರತಿ ಸಲ ಇಲ್ಲಿ ನಿಲ್ಲಿಸುತ್ತೀರಾ?" ಎಂದು ಕೇಳಿದ.

ಎಂಜಿನಿಯರುಗಳು ಬಂದರು. ಎಡರೆಕ್ಕೆಯ ಕೆಳಗೆ ನಾನೂ ಹೋಗಿ ನಿಂತೆ. ರೆಕ್ಕೆ ಒಣಗಿತ್ತು. ಎಂಜಿನ್ನಿನ ಹೊದಿಕೆ ತೆಗೆದರು, ಅದೂ ಒಣಗಿತ್ತು. ಮಾಪಕವನ್ನು ನಂಬದೆ, ರೆಕ್ಕೆಯ ಅಡಿಯಿಂದ ಕಡ್ಡಿ ಇಳಿಸಿ ಅಳೆಯುವ ಉಪಾಯವೊಂದಿದೆ. ಅದರಿಂದ ಅಳೆದರು. ಎಂಜಿನ್‌ಗಳು ಸುಟ್ಟದ್ದನ್ನು ಕಳೆದರೆ ಇಂಧನವೆಲ್ಲ ಇತ್ತು. ಒಂದು ಹನಿಯೂ ಹೋಗಿರಲಿಲ್ಲ. ಒಳಗೆ ಬಂದು ನೋಡಿದರೆ ಕಾಕ್‌ಪಿಟ್ಟಿನ ಮಾಪಕವೂ ಈಗ ಸರಿಯಾದದ್ದನ್ನೇ ತೋರಿಸುತ್ತಿತ್ತು, ಏನೂ ಆಗಿಯೇ ಇಲ್ಲವೆಂಬಂತೆ. ಅಂಕಿತ್ ಅದನ್ನು ನೋಡಿ ಜೇಬಿಗೆ ಕೈಹಾಕಿದ. ಅವತ್ತು ಶನಿವಾರವಲ್ಲ, ನಿಂಬೆಹಣ್ಣಿರಲಿಲ್ಲ.

ವಿಚಾರಣೆ ನಡೆಯಿತು. ನಾವು ಮಾಡಿದ್ದು ಅಕ್ಷರಶಃ ಸರಿ ಎಂದರು. ಅಳೆಯುವ ಯಂತ್ರದ ಒಂದು ಭಾಗವನ್ನು ಬಿಚ್ಚಿ ಪರೀಕ್ಷೆಗೆ ಕಳಿಸಿದರು. ಅದರಲ್ಲಿ ದೋಷ ಕಾಣಲಿಲ್ಲವಂತೆ, ಆದರೂ ಇರಲಿ ಎಂದು ಹೊಸದನ್ನು ಹಾಕಿದರು. ತೇವದಿಂದ ಕೆಲಹೊತ್ತು ತಪ್ಪು ತೋರಿಸಿರಬಹುದು ಎಂದರು. ಒಪ್ಪಿದೆ. ಯಂತ್ರಗಳು ಸುಳ್ಳು ಹೇಳುತ್ತವೆ, ಅದರಲ್ಲಿ ವಿಚಿತ್ರವಿಲ್ಲ. ಪ್ರಯಾಣಿಕರಿಗೆ ಬಂದ ವಾಸನೆ? ಬೇರೆ ವಿಮಾನದ ಹೊಗೆಯೋ, ಯಾರದೋ ಚೀಲದಲ್ಲಿದ್ದ ವಸ್ತುವೋ ಇರಬಹುದು. ಅದನ್ನೂ ಒಪ್ಪಿದೆ. ನನ್ನ ಮೂಗಿಗೆ ಬಂದದ್ದು, ಸುಚಿತ್ರಾ ಹೇಳಿದ್ದನ್ನು ಕೇಳಿದ ಮೇಲೆ ಬಂದದ್ದು. ಕಿವಿಯಿಂದ ಮೂಗಿಗೆ ಇಳಿದಿರಬೇಕು. ಬಾಗಲಕೋಟೆಯ ಒಬ್ಬ ಮೂಗಿನ ಡಾಕ್ಟರನ್ನೂ ಕೇಳಿದೆ. ಆ ಜ್ವರದಲ್ಲಿ ಮೂಗು ಹೋದವರಿಗೆ ಇಲ್ಲದ ವಾಸನೆಗಳು ಬರುವುದುಂಟು, ಸುಟ್ಟ ವಾಸನೆ, ಎಣ್ಣೆಯ ವಾಸನೆ, ಭಾಳ ಮಂದಿಗೆ ಆಗ್ತೈತ್ರಿ ಎಂದರು. ಅದನ್ನಂತೂ ಸಂತೋಷದಿಂದ ಒಪ್ಪಿದೆ.

ಹೀಗೆ ಒಂದೊಂದಕ್ಕೂ ಒಂದೊಂದು ಕಾರಣ ಸಿಕ್ಕಿತು. ರೆಕ್ಕೆ ನಿಜವಾಗಿ ಸೋರಿದ್ದರೆ, ಚಿಗವ್ವನ ಮಾತು ಕಾಕತಾಳೀಯ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ಸೋರಿರಲಿಲ್ಲ. ಸತ್ತ ಮೂಗೊಂದು ಇಲ್ಲದ್ದನ್ನು ಮೂಸಿತು. ಚೆನ್ನಾಗಿದ್ದ ಯಂತ್ರ ಇಲ್ಲದ್ದನ್ನು ತೋರಿಸಿತು. ಅಪರಿಚಿತರಿಬ್ಬರಿಗೆ ಇಲ್ಲದ ವಾಸನೆ ಬಂತು. ಎಲ್ಲವೂ ಒಂದೇ ಮಧ್ಯಾಹ್ನ, ಎಲ್ಲವೂ ಎಡಕ್ಕೆ. ಇಷ್ಟು ಸುಳ್ಳುಗಳು ಒಂದನ್ನೊಂದು ಕೇಳಿಕೊಳ್ಳದೆ ಒಂದೇ ಸಾಕ್ಷಿ ಹೇಳಿದರೆ ಏನು ಮಾಡಬೇಕೆಂದು ಯಾವ ವಿಚಾರಣೆಯವರೂ ಹೇಳಲಿಲ್ಲ.

ನಮ್ಮ ದೊಡ್ಡಪ್ಪನ ಮಗ ಮಹಾಂತೇಶನಿಗೆ ಮಾತ್ರ ಎಲ್ಲ ತಿಳಿದುಹೋಯಿತು. ಅವನು ಬಾಗಲಕೋಟೆಯ ನವನಗರದಲ್ಲಿ ಸೈಟು ಮಾರಿಸುತ್ತಾನೆ. ಮಾರಾಟವಾಗದ ಸೈಟಿಗೆ ವಾಸ್ತು ಹೇಳುತ್ತಾನೆ. ಹುಸೇನಬಿಯ ಬಾಯಿಂದ ಫೋನಿನ ಸಂಗತಿ ಕೇಳಿದ್ದೇ ತಡ, ವಾಟ್ಸಾಪಿನಲ್ಲಿ ಹರಡಿದ. ಅವನ ಕಥೆಯಲ್ಲಿ ವಿಮಾನದ ಎಂಜಿನ್ನೇ ಉರಿಯುತ್ತಿತ್ತು, ನಾನು ಅಳುತ್ತಿದ್ದೆ, ಚಿಗವ್ವನ ಮೈಮೇಲೆ ದೇವಿ ಬಂದಿದ್ದಳು, ಮತ್ತು ಇವನು ಹಿಂದಿನ ವಾರವೇ ನನಗೆ ಎಚ್ಚರಿಕೆ ಕೊಟ್ಟಿದ್ದ. ಆಮೇಲೆ ನಾನು ಗುಡೂರಿಗೆ ಹೋದ ದಿನವೇ ಅವನೂ ಕಾರು ತಗೊಂಡು ಬಂದ, ಹಣ್ಣಿನ ಬುಟ್ಟಿಯೊಂದಿಗೆ.

"ಚಿಗವ್ವಾ, ಅಮಾಸಿಗೊಮ್ಮೆ ನಮ್ಮ ಆಫೀಸಿಗೆ ಬಂದು ಕುಂಡ್ರು ಸಾಕು. ಮಂದಿ ತಾವ ಬರ್ತಾರ. ನೀ ಏನೂ ಹೇಳೋದು ಬ್ಯಾಡ, ಸುಮ್ನ ವಾಸನಿ ತಗೋ."

ಚಿಗವ್ವ ಎದ್ದು ಅವನ ಹತ್ತಿರ ಹೋಗಿ, ಅವನ ಅಂಗಿಯ ತೋಳು ಹಿಡಿದು ಮೂಸಿದಳು. "ನಿನ್ನ ವಾಸನಿ ಬರಾಕತ್ತೈತಿ ನೋಡು" ಎಂದಳು. "ಹಣ್ಣು ಇಟ್ಟು ಹೋಗು. ನೀ ಇರಬ್ಯಾಡ."

ಅವನು ಹೋದ. ಹಣ್ಣಿನ ಬುಟ್ಟಿಯನ್ನೂ ತಗೊಂಡು ಹೋದ. ಅಲ್ಲೇ ಕೂತಿದ್ದ ಹುಸೇನಬಿ ಗೋಡೆಗೆ ಒರಗಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. "ಅವತ್ತ ನಾ ಮನಿ ಎಲ್ಲಾ ಮೂಸಿ ನೋಡಿದ್ನವಾ, ಏನೂ ಇರಲಿಲ್ಲ" ಎಂದು ನನಗೆ ಹೇಳಿದಳು. "ಆದ್ರ ನಿಮ್ಮ ಚಿಗವ್ವ ಒಲಿ ಹಚ್ಚಾಕ ಬಿಡಲಿಲ್ಲ. ಕಡ್ಡಿಪೆಟ್ಟಿಗಿ ಕಸಗೊಂಡು ಸೆರಗಿನ್ಯಾಗ ಕಟಗೊಂಡ್ಲು. ಸಂಜಿ ಮುಂದ 'ಈಗ ಹೋತು' ಅಂದು ತಾನ ಬಿಚ್ಚಿ ಕೊಟ್ಲು."

ಅವಳೂ ಮನೆಗೆ ಹೋದ ಮೇಲೆ ಚಿಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಳು. ನಾನು ಎದುರಿಗೆ ಕೂತೆ. ಕೇಳಬಾರದೆಂದುಕೊಂಡೇ ಬಂದಿದ್ದೆ, ಆದರೂ ಕೇಳಿದೆ.

"ಅವತ್ತ ನನ್ನ ಎಡಕ್ಕ ಅಂತ ಯಾಕಂದಿ?"

"ನೀ ಶಾಣ್ಯಾತನ ಮಾಡಿದಿ. ಹೊಕ್ಕರ ಒಂದು ಎಡ, ಬಂದ್ರ ಒಂದು ಎಡ ಅಂತ. ನನಗ ಸಿಟ್ಟ ಬಂತು. ಬಾಯಿಗೆ ಬಂದದ್ದ ಅಂದೆ."

ನನಗೆ ಎಷ್ಟು ಹಗುರವಾಯಿತೆಂದರೆ ಅದನ್ನು ಬರೆದು ತಿಳಿಸಲಾರೆ. ಸಿಟ್ಟು! ಇದೂ ಒಂದು ಕಾರಣ, ಅತ್ಯಂತ ಒಳ್ಳೆಯ ಕಾರಣ. ಎಂಜಿನಿಯರುಗಳು ಹೇಳಿದ್ದನ್ನೆಲ್ಲ ಅವಳಿಗೆ ವಿವರಿಸಿದೆ. ರೆಕ್ಕೆ ಒಣಗಿದ್ದದ್ದು, ಕಡ್ಡಿ ಇಳಿಸಿ ಅಳೆದದ್ದು, ಒಂದು ಹನಿಯೂ ಹೋಗದಿದ್ದದ್ದು. ಡಾಕ್ಟರು ಅವಳ ಮೂಗಿನ ಬಗ್ಗೆ ಹೇಳಿದ್ದನ್ನೂ ಹೇಳಿದೆ. ಅವಳು ಮೊರವಾಡಿಸುತ್ತ ಎಲ್ಲವನ್ನೂ ಕೇಳಿದಳು. ಅಲ್ಲೊಂದು ಇಲ್ಲೊಂದು ಹರಳು ಹೆಕ್ಕಿ ಎಸೆದಳು.

"ಅಂದ್ರ ನಿಮ್ಮ ಇಮಾನ ಸೋರಲಿಲ್ಲ" ಎಂದಳು.

"ಇಲ್ಲ."

"ಖರೆ?"

"ಖರೆ ಚಿಗವ್ವಾ. ನಾನ ಕೆಳಗ ನಿಂತು ನೋಡೇನಿ."

ಅವಳು ಮೊರ ನಿಲ್ಲಿಸಿದಳು. ಆ ಮುಖದಲ್ಲಿ ಭಕ್ತಿಯಿರಲಿಲ್ಲ, ಭಯವೂ ಇರಲಿಲ್ಲ. ಸಣ್ಣವಳಿದ್ದಾಗ ನಾನು ಲೆಕ್ಕ ತಪ್ಪು ಮಾಡಿದರೆ ನೋಡುತ್ತಿದ್ದ ನೋಟವೇ ಅದು.

"ಹಂಗಾದ್ರ ಸೋರಿದ್ದು ಯಾವುದು?" ಎಂದು ಕೇಳಿದಳು.

ಅವಳು ಮತ್ತೆ ಜೋಳ ಕೇರತೊಡಗಿದಳು, ನಾನು ಹರಳು ಹೆಕ್ಕತೊಡಗಿದೆ.